ಗೋಡೆಗೋ, ರಸ್ತೆಗೋ

ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುರಿದು ಲೋಟಕ್ಕೆ ಬೀಳುವ ಮೊದಲೇ ಅದನ್ನು ಬಾಯಿಗೆ ಸಾಗಿಸುತ್ತಾ ಅತ್ತೆ ಎದುರು ಕೂತಿದ್ದ ಅಣ್ಣ ತಂಗಿಗೆ ತೀರ್ಪು ಕೊಟ್ಟಳು.

"ಓಡಿದ್ರೆ ಇವಳಿಗೆ. ಓಡದಿದ್ರೆ ನಿನ್ನ ಗೋಡೆಗೆ. ಭಾನುವಾರ ಬೆಳಗ್ಗೆ ಅದು ತನ್ನ ಉಸಿರಲ್ಲೇ ನನ್ನ ಬಾಗಿಲಿಗೆ ಬರಬೇಕು. ದಾರಿಯಲ್ಲಿ ತಳ್ಳಿದ್ರೋ, ಅದು ಗಾಡಿ ಅಲ್ಲ, ಹೆಣ. ಹೆಣದ ಫೋಟೋ ಗೋಡೆಗೆ ಹಾಕೋದು ಸರಿಯೇ."

"ಅತ್ತೆ, ಬಿಡ್ತು ಅನ್ನಿ" ಎಂದಳು ಮೇಡಂ.

"ಯಾಕೆ ಅನ್ನಲಿ? ನಾನೇನು ನಿನ್ನನ್ನ ಗೋಡೆಗೆ ಹಾಕ್ತೀನಿ ಅಂದ್ನಾ?"

ಅದು ಎಂದರೆ ಅತ್ತೆಯ ಮೋಟಾರ್ ಸೈಕಲ್. ತೊಂಬತ್ತೆಂಟು ಸಿಸಿ, ಹಸಿರು ಬಣ್ಣ, ಮುಂದೆ ಕಣ್ಣು ಉಬ್ಬಿದಂಥ ಒಂದು ದೀಪ, ಹಿಂದೆ ಮಡಚಿದ ಕಾಲಿನಂತೆ ಮೇಲಕ್ಕೆದ್ದ ಮಡ್‌ಗಾರ್ಡು. ಹೆಸರು ಮಿಡತೆ. ಹೆರಿಗೆ ನರ್ಸಾಗಿದ್ದ ಅತ್ತೆ ಅದರ ಮೇಲೆ ಊರೆಲ್ಲ ಸುತ್ತಿ, ಈಗಿನ ಅರ್ಧ ಊರನ್ನು ಭೂಮಿಗೆ ಇಳಿಸಿದ್ದಳು. ಮಿಡತೆಯ ಪಟಪಟ ಬೀದಿಯ ತುದಿಯಲ್ಲಿ ಕೇಳಿಸಿದರೆ ಬಸುರಿಯರಿಗೆ ಧೈರ್ಯ ಬರುತ್ತಿತ್ತಂತೆ. ಗಂಡಂದಿರಿಗೆ ಮಾತ್ರ ಇದ್ದ ಧೈರ್ಯವೂ ಹೋಗುತ್ತಿತ್ತಂತೆ, ಏಕೆಂದರೆ ಅತ್ತೆ ಬಂದವಳೇ ಮೊದಲು ಬೈಯುತ್ತಿದ್ದುದು ಅವರನ್ನು. ಆಮೇಲೆ ಅತ್ತೆ ನಿವೃತ್ತಳಾದಳು, ಮೂರನೇ ಮಹಡಿಯ ಫ್ಲಾಟಿಗೆ ಬಂದಳು. ಮಿಡತೆ ಯಾರದೋ ಶೆಡ್ಡಿನಲ್ಲಿ ಕೋಳಿಗಳಿಗೆ ಮಲಗುವ ಕೋಣೆಯಾಯಿತು.

ಅದನ್ನು ಕೋಳಿಗಳಿಂದ ಬಿಡಿಸಿಕೊಂಡು ಬಂದವಳು ಅತ್ತೆಯ ತಮ್ಮನ ಮಗಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಇವಳನ್ನು ವಿದ್ಯಾರ್ಥಿಗಳು ಗೌರವದಿಂದ ಮೇಡಂ ಎನ್ನುತ್ತಾರೆ. ಮನೆಯವರೂ ಮೇಡಂ ಎನ್ನುತ್ತಾರೆ, ಗೌರವವನ್ನು ಬಿಟ್ಟು. ಬಿಡಿಸಿ ತಂದ ಮಿಡತೆಯನ್ನು ಅವಳು ತೊಳೆದು, ತಿಕ್ಕಿ, ನಟ್ಟು ನಟ್ಟನ್ನೂ ಬಿಚ್ಚಿ, ಊಟದ ಮೇಜಿನ ಮೇಲೆ ಹರಡಿದಳು. ಗಂಡ ಒಂದಿಷ್ಟು ದಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಅನಂತರ ಆಫೀಸಿನಲ್ಲೇ ಉಂಡುಬರತೊಡಗಿದ. ಮೇಡಂ ಅದನ್ನು ಗಮನಿಸಿದ್ದು ಕಾರ್ಬುರೇಟರಿನ ಕೆಲಸ ಮುಗಿದ ಮೇಲೆ.

ಗೋಡೆ ಎಂದರೆ ಅಣ್ಣನ ಗೋಡೆ. ಅಣ್ಣನದು ಕಾಫಿ ಅಂಗಡಿ. ಅಲ್ಲಿ ಹಳೆಯ ಸಾಮಾನುಗಳನ್ನು ಅಲಂಕಾರಕ್ಕೆ ಇಟ್ಟಿದ್ದಾನೆ. ಹೊಲಿಗೆ ಯಂತ್ರದ ಮೇಲೆ ಹಲಗೆ ಹಾಕಿದ್ದೇ ಮೇಜು, ಟೈಪ್‌ರೈಟರಿನ ಹೊಟ್ಟೆಯಲ್ಲಿ ಮಣ್ಣು ತುಂಬಿ ನೆಟ್ಟದ್ದು ಗಿಡ. ಗಲ್ಲಾ ಪೆಟ್ಟಿಗೆಯ ಹಿಂದಿನ ಇಟ್ಟಿಗೆ ಗೋಡೆ ಮಾತ್ರ ಖಾಲಿ. ಅಲ್ಲಿ ಮಿಡತೆಯನ್ನು ಕೊಕ್ಕೆ ಹೊಡೆದು ನೇತುಹಾಕಿ, ಅದರ ಉಬ್ಬುಗಣ್ಣಿನಲ್ಲಿ ಹಳದಿ ಬಲ್ಬು ಉರಿಸುವುದು ಅಣ್ಣನ ಯೋಜನೆ.

"ಎಂಜಿನ್ ತೆಗೆದುಬಿಟ್ರೆ ಹಗುರ ಆಗುತ್ತೆ" ಎಂದು ಅವನು ಒಮ್ಮೆ ಅಂದಿದ್ದ. ಅಂದಿನಿಂದ ಮೇಡಂ ಅವನ ಅಂಗಡಿಯ ಕಾಫಿ ಕುಡಿದಿಲ್ಲ.

ಹಾಗಾಗಿ ಭಾನುವಾರದ ಪಂದ್ಯ ಇಷ್ಟೇ. ಮಿಡತೆ ಓಡುತ್ತಾ ಬಂದರೆ ಗಾಡಿ, ಇಲ್ಲವಾದರೆ ದೀಪದ ಕಂಬ.

ಮೇಡಂಗೆ ಗೆಲ್ಲುವ ನಂಬಿಕೆ ಬಲವಾಗಿತ್ತು. ಮಿಡತೆಯನ್ನು ಸ್ಟಾರ್ಟ್ ಮಾಡುವುದು ಅವಳಿಗೆ ಬಾಯಿಪಾಠವಾಗಿತ್ತು. ಪೆಟ್ರೋಲಿನ ನಲ್ಲಿ ತಿರುಗಿಸು. ಕಾರ್ಬುರೇಟರಿನ ತಲೆಯ ಮೇಲಿನ ಗುಂಡಿಯನ್ನು, ಮಗುವಿನ ಕೆನ್ನೆ ಚುಚ್ಚುವಷ್ಟೇ ಮೆಲ್ಲಗೆ, ಬೆರಳ ತುದಿ ಒದ್ದೆಯಾಗುವ ತನಕ ಒತ್ತು. ಚೋಕ್ ಮುಚ್ಚು. ಸ್ವಿಚ್ ಹಾಕದೆ ಎರಡು ಸಲ ಸುಮ್ಮನೆ ತುಳಿ, ಎಂಜಿನ್ನಿಗೆ ಮುಖ ತೊಳೆಸುವ ಹಾಗೆ. ಆಮೇಲೆ ಸ್ವಿಚ್ ಹಾಕಿ, ಕಿಕ್ಕರ್ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿಂದ ಒಂದೇ ಒದೆತ. ಸಿಟ್ಟಿನಲ್ಲಿ ಒದ್ದರೆ ತಿರುಗಿ ಒದೆಯುತ್ತದೆ. ಎಡಮೊಣಕಾಲ ಕೆಳಗಿನ ಕಲೆ ಇದಕ್ಕೆ ಸಾಕ್ಷಿ. ಮೇಡಂ ಎಡಗಾಲಿನವಳು, ಮಿಡತೆಯದೂ ಎಡಗಡೆಯ ಕಿಕ್ಕರ್. ಹುಟ್ಟಿದ್ದೇ ಒಬ್ಬರಿಗೊಬ್ಬರು ಎಂದು ಅವಳ ಗಂಡ ಹೇಳುತ್ತಿದ್ದ, ಅಸೂಯೆಯಿಂದಲೇ.

ಅಂಗಳದಲ್ಲಿ ಮಿಡತೆ ಬೇಕಾದಷ್ಟು ಹೊತ್ತು ಉರಿದಿತ್ತು. ಟ್ಯಾಂಕು ಪೇಂಟ್‌ನವನ ಬಳಿ ಇದ್ದುದರಿಂದ ಅವಳು ರಸಾಯನಶಾಸ್ತ್ರ ವಿಭಾಗದಿಂದ ಒಂದು ಗಾಜಿನ ಬುರೆಟ್ ನಳಿಕೆ ತಂದು, ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ, ಅದರಿಂದ ಪೆಟ್ರೋಲ್ ಉಣಿಸುತ್ತಿದ್ದಳು. ನೋಡಿದವರು ಗಾಡಿಗೆ ಗ್ಲೂಕೋಸ್ ಹಾಕಿದ್ದಾರೆ ಅಂದುಕೊಂಡರು.

ಟ್ಯಾಂಕು ಬಂದ ಮೇಲೆಯೇ ಕೆಟ್ಟದ್ದು. ಶುಕ್ರವಾರ ಅರ್ಧ ಟ್ಯಾಂಕು ಹಾಕಿ ಹೊರಟಳು. ಬೇಕರಿಯ ತನಕ ಜಿಂಕೆಯಂತೆ ಓಡಿದ ಗಾಡಿ ಅಲ್ಲಿ ಕೆಮ್ಮಿ ನಿಂತಿತು. ಒಂದಿಷ್ಟು ಹೊತ್ತು ಬಿಟ್ಟು ತುಳಿದರೆ ಏನೂ ಆಗಿಲ್ಲದಂತೆ ಹೊರಟಿತು. ಪ್ಲಗ್ ಬದಲಿಸಿದಳು. ಶನಿವಾರ ಇನ್ನಷ್ಟು ಪೆಟ್ರೋಲ್ ಸುರಿದು ಹೊರಟರೆ ಬೇಕರಿಯೂ ಬರಲಿಲ್ಲ, ಅದಕ್ಕಿಂತ ಇತ್ತಲಿನ ಅಂಚೆ ಕಚೇರಿಯ ಮುಂದೆಯೇ ನಿಂತಿತು. ಕಾಯಿಲ್ ಬದಲಿಸಿದಳು, ಕಾರ್ಬುರೇಟರನ್ನು ಬಿಚ್ಚಿ ಸೂಜಿಯಲ್ಲಿ ಕೆರೆದಳು. ಫೋನಿನಲ್ಲಿ ಅತ್ತೆ, "ಉಂಡ ಮೇಲೆ ನಿದ್ದೆ ಬರುತ್ತೆ ಕಣೇ, ಅದಕ್ಕೂ ವಯಸ್ಸಾಯ್ತು" ಎಂದು ನಕ್ಕಳು. ಅಸಂಬದ್ಧ ಮಾತು ಎಂದು ಮೇಡಂ ಅದನ್ನು ತಳ್ಳಿಹಾಕಿದಳು.

ಭಾನುವಾರ ಯಾವ ಅಪಾಯವೂ ಬೇಡವೆಂದು ಟ್ಯಾಂಕಿನ ಕಂಠದ ತನಕ ಪೆಟ್ರೋಲ್ ತುಂಬಿಸಿ ಮುಚ್ಚಳ ಬಿಗಿದಳು.

ಮಿಡತೆ ಮೊದಲ ಒದೆತಕ್ಕೇ ಎದ್ದಿತು. ಬೀದಿಯ ನಾಯಿಗಳು ಎದ್ದವು. ಹಾಲಿನವನು ದಾರಿ ಬಿಟ್ಟ. ಹೊಸ ಬಣ್ಣದ ಮೇಲೆ ಬಿಸಿಲು ಬಿದ್ದು, ಮೇಡಂಗೆ ತನ್ನ ಬೆನ್ನು ತಾನಾಗಿಯೇ ನೆಟ್ಟಗಾದಂತೆನಿಸಿತು. ಅಂಚೆ ಕಚೇರಿಗಿಂತಲೂ ಇತ್ತಲಿನ ಸರ್ಕಲ್ಲಿನ ನಟ್ಟನಡುವೆ ಎಂಜಿನ್ ಒಮ್ಮೆ ಬಿಕ್ಕಿ, ಇನ್ನೊಮ್ಮೆ ಬಿಕ್ಕಿ, ಪ್ರಾಣ ಬಿಟ್ಟಿತು.

ಹಿಂದಿನಿಂದ ಬಸ್ಸು ಹಾರನ್ ಹೊಡೆಯಿತು. ಬಸ್ಸಿನವನು ತಲೆ ಹೊರಗೆ ಹಾಕಿ, "ಅಮ್ಮಾ, ಮ್ಯೂಸಿಯಂ ಆ ಕಡೆ" ಎಂದ. ಅಲ್ಲಿ ನಿಂತು ತಪಸ್ಸು ಮಾಡುವ ಹಾಗಿರಲಿಲ್ಲ. ಮೇಡಂ ಇಳಿದು, ಹ್ಯಾಂಡಲ್ ಹಿಡಿದು, ಟೈರ್ ಅಂಗಡಿಯ ಮುಂದಿನ ನೆರಳಿನ ತನಕ ಮಿಡತೆಯನ್ನು ತಳ್ಳಿದಳು. ತಳ್ಳುವಾಗ ಅವಳಿಗೆ ಅತ್ತೆಯ ಮಾತು ನೆನಪಾಗಲಿಲ್ಲ. ನಿಲ್ಲಿಸಿ ಸ್ಟ್ಯಾಂಡ್ ಹಾಕಿದ ಮೇಲೆ ನೆನಪಾಯಿತು.

ನಿಂತ ಗಾಡಿಯ ಸುತ್ತ ಜನ ಸೇರಿದರು. ಸತ್ತ ಮನೆಯಲ್ಲೂ ಅಷ್ಟು ಬೇಗ ಸೇರುವುದಿಲ್ಲ.

"ಪ್ಲಗ್ ಹೋಗಿದೆ."

"ಪ್ಲಗ್ ಅಲ್ಲ, ಕಾಯಿಲ್. ಬಿಸಿಗೆ ಹೋಗುತ್ತೆ, ತಣ್ಣಗಾದ್ರೆ ಬರುತ್ತೆ. ನಮ್ಮ ಮಾವಂದೂ ಹೀಗೇ ಆಗ್ತಿತ್ತು."

"ಮಾವನ ಗಾಡೀದಾ?"

"ಮಾವಂದೇ."

"ಪೆಟ್ರೋಲ್ ಇದೆಯಾ ನೋಡಿ ಮೇಡಂ" ಎಂದ ಒಬ್ಬ, ಅವಳು ಮೇಡಂ ಎಂಬುದನ್ನು ಮುಖದಲ್ಲೇ ಓದಿಕೊಂಡವನಂತೆ.

"ಕಂಠಮಟ್ಟ ಇದೆ" ಎಂದಳು. ಅಂದ ಮಾತು ಅವಳ ಕಿವಿಗೇ ವಾಪಸು ಬಂದು ಬಡಿಯಿತು.

ಅರ್ಧ ಟ್ಯಾಂಕಿಗೆ ಬೇಕರಿ. ಇನ್ನಷ್ಟು ಹಾಕಿದರೆ ಅಂಚೆ ಕಚೇರಿ. ಕಂಠಮಟ್ಟಕ್ಕೆ ಸರ್ಕಲ್. ಹೊಟ್ಟೆ ತುಂಬಿದಷ್ಟೂ ಬೇಗ ನಿಲ್ಲುತ್ತಿದೆ. ಪ್ಲಗ್ಗಿಗಾಗಲಿ ಕಾಯಿಲ್ಲಿಗಾಗಲಿ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಗೊತ್ತಾಗುವುದು ಹೇಗೆ? ಪೆಟ್ರೋಲ್ ಹೆಚ್ಚಿದರೆ ಟ್ಯಾಂಕಿನಲ್ಲಿ ಕಡಿಮೆಯಾಗುವುದು ಒಂದೇ ಒಂದು ವಸ್ತು, ಗಾಳಿ. ಪೆಟ್ರೋಲ್ ಕೆಳಗಿಳಿದ ಜಾಗಕ್ಕೆ ಹೊರಗಿನ ಗಾಳಿ ಒಳಬರದಿದ್ದರೆ ಒಳಗಿನ ಚೂರು ಗಾಳಿಯೇ ಹಿಗ್ಗಬೇಕು. ಹಿಗ್ಗಿ ತೆಳುವಾದಂತೆ ಅದು ಪೆಟ್ರೋಲನ್ನು ಮೇಲಿನಿಂದ ಹಿಡಿದುಕೊಳ್ಳುತ್ತದೆ. ತಲೆಕೆಳಗಾದ ಬಾಟಲಿಯಿಂದ ನೀರು ಯಾಕೆ ಒಂದೇ ಸಮ ಸುರಿಯದೆ ಗುಳುಗುಳು ಅನ್ನುತ್ತದೆ? ಪ್ರತಿ ವರ್ಷ ಮೌಖಿಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳಿ, ತಡವರಿಸಿದ ಹುಡುಗ ಹುಡುಗಿಯರ ಕಡೆ ಕನ್ನಡಕದ ಮೇಲಿನಿಂದ ನೋಡುವವಳು ಇವಳೇ.

ಮೇಡಂ ಮುಚ್ಚಳ ತಿರುಗಿಸಿದಳು. ಹುಸ್ಸೆಂದು ಟ್ಯಾಂಕು ಉಸಿರು ಎಳೆದುಕೊಂಡಿತು.

ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮುಖ ಕಾಣುವಷ್ಟು ಹೊಳಪು, ಅದರಲ್ಲಿ ಕಂಡ ಮುಖ ಪೆಚ್ಚಾಗಿತ್ತು. ಹಳೆಯ ಮುಚ್ಚಳದ ನಡುವೆ ಜಿಡ್ಡಿನ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು ಇದ್ದಿರಬೇಕು. ಅದನ್ನು ಪ್ಲೇಟಿಂಗ್ ಅಂಗಡಿಗೆ ಕೊಡುವಾಗ "ಕನ್ನಡಿ ಹಾಗೆ ಬರಬೇಕು, ಒಂದು ಚುಕ್ಕೆಯೂ ಕಾಣಬಾರದು" ಎಂದು ಹೇಳಿದ್ದು ಇವಳೇ. ಅವನು ಪಾಪ, ಚುಕ್ಕೆಯನ್ನೂ ಮುಚ್ಚಿದ. ಅದು ಸಾಲದೆಂದು ಇವಳು ಒಳಗೊಂದು ಹೊಸ ರಬ್ಬರ್ ವಾಷರ್ ಹಾಕಿದಳು. ಕೋಳಿ ಶೆಡ್ಡಿನಲ್ಲಿ ಕೊಳೆತು ಬಿದ್ದಿದ್ದಾಗ ಉಸಿರಾಡುತ್ತಿದ್ದ ಗಾಡಿಯ ಮೂಗನ್ನು ತಿದ್ದಿ ತೀಡಿ ಹೊಲಿದುಬಿಟ್ಟಿದ್ದಳು. ಸೋಮಾರಿ ಯಾರೂ ಈ ತಪ್ಪು ಮಾಡಲಾರ. ಇದಕ್ಕೆ ಶ್ರದ್ಧೆ ಬೇಕು.

"ಏನಾಗಿತ್ತು?" ಎಂದ ಕಾಯಿಲ್ ಮಾವನ ಅಳಿಯ.

"ಕಾಯಿಲ್" ಎಂದಳು ಮೇಡಂ. ಅವನ ಮುಖ ಅರಳಿತು. ಅಷ್ಟು ಜನರ ನಡುವೆ ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ತೂತು ಕೊರೆಯಲು ಅಲ್ಲಿ ಏನೂ ಇರಲಿಲ್ಲ. ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟು ಹೊರಟಳು. ಮಿಡತೆ ಎಲ್ಲೂ ಕೆಮ್ಮಲಿಲ್ಲ. ಆದರೆ ಪ್ರತಿ ಗುಂಡಿಗೂ ಒಂದು ಗುಟುಕು ಪೆಟ್ರೋಲ್ ತುಳುಕಿ ಅವಳ ಪ್ಯಾಂಟಿನ ಮೇಲೆ ಬಿತ್ತು. ಊರಿನ ರಸ್ತೆಯಲ್ಲಿ ಗುಂಡಿಗೇನು ಬರ.

ಫ್ಲಾಟಿನ ಗೇಟಿನ ಮುಂದೆ ಅಣ್ಣ ನಿಂತಿದ್ದ. ಬಿಳಿ ಪ್ಯಾಂಟು, ಕೈಯಲ್ಲಿ ಅಳತೆ ಟೇಪು. ಅತ್ತೆಯೂ ಕುರ್ಚಿ ತರಿಸಿಕೊಂಡು ಕೆಳಗೇ ಕೂತಿದ್ದಳು. ಮಿಡತೆ ಪಟಪಟ ಸದ್ದು ಮಾಡುತ್ತಾ ಬಂದು ನಿಂತಾಗ ಅತ್ತೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಅಣ್ಣ ಟೇಪನ್ನು ಜೇಬಿಗೆ ಹಾಕಿಕೊಂಡ.

"ಬಂತಲ್ಲ" ಎಂದಳು ಅತ್ತೆ, ಕಣ್ಣು ತೆರೆದು. "ಇದೇನೇ ವಾಸನೆ? ಪೆಟ್ರೋಲ್ ಬಂಕಲ್ಲಿ ಸ್ನಾನ ಮಾಡಿದೆಯಾ?"

"ತುಳುಕ್ತು ಅತ್ತೆ."

"ದಾರಿಯಲ್ಲಿ ತಳ್ಳಲಿಲ್ಲ ತಾನೇ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಕಂಡವರು ಇಲ್ಲಿ ಯಾರೂ ಇಲ್ಲ. ಸರ್ಕಲ್ಲಿನಿಂದ ಟೈರ್ ಅಂಗಡಿಗೆ ಎಷ್ಟು ಮಹಾ ದೂರ? ಆದರೆ ಬಾರದ ರೀಡಿಂಗನ್ನು ಬಂದಂತೆ ಬರೆದ ತಪ್ಪಿಗೆ ಎಷ್ಟೋ ಮಕ್ಕಳ ರೆಕಾರ್ಡನ್ನು ಅವಳು ಕೆಂಪು ಶಾಯಿಯಲ್ಲಿ ಕೊಂದಿದ್ದಳು. ಆ ಮಕ್ಕಳೆಲ್ಲ ಗೇಟಿನ ಹಿಂದೆ ಸಾಲಾಗಿ ನಿಂತು ಹಲ್ಲು ಕಿಸಿದಂತಾಯಿತು.

"ತಳ್ಳಿದೆ" ಎಂದಳು. "ಸರ್ಕಲ್ಲಲ್ಲಿ. ಸ್ವಲ್ಪ."

ಅಣ್ಣನ ಟೇಪು ಜೇಬಿನಿಂದ ಹೊರಬಂತು. "ಹಾಗಾದ್ರೆ ಮುಗೀತು. ಟೆಂಪೋದವನಿಗೆ ಫೋನ್ ಮಾಡ್ತೀನಿ."

"ನಿಲ್ಲೋ" ಎಂದಳು ಅತ್ತೆ. "ಅವಳಿಗೊಂದು ನ್ಯಾಯ, ನಿನಗೊಂದಾ? ಇಲ್ಲಿಂದ ನಿನ್ನ ಅಂಗಡಿ ತನಕ ನೀನೂ ಓಡಿಸ್ಕೊಂಡೇ ಹೋಗು. ತಳ್ಳೋ ಹಾಗಿಲ್ಲ. ಮುಟ್ಟಿದೆಯೋ, ನಿನ್ನ ಗೋಡೆ, ನಿನ್ನ ಕೊಕ್ಕೆ, ನಾನು ಕೇಳಲ್ಲ. ಮುಟ್ಟಲಿಲ್ಲವೋ, ಬಾಯಿ ಮುಚ್ಕೊಂಡು ಇವಳಿಗೆ ಬಿಡು. ಎರಡು ಸಲ ತೀರ್ಪು ಕೊಡೋಕೆ ನನಗೇನು ಸಂಬಳ ಬರುತ್ತಾ?"

ಅಣ್ಣ ರಸ್ತೆ ನೋಡಿದ. ಅಂಗಡಿಯ ತನಕ ಇಳಿಜಾರು. ಗಾಡಿ ನೋಡಿದ. ಕಣ್ಣೆದುರಿಗೇ ಉರಿಯುತ್ತಿದೆ. "ಆಗಲಿ" ಎಂದು ಪ್ಯಾಂಟನ್ನು ಮಡಚಿಕೊಂಡು ಹತ್ತಿ ಕೂತ. ಕೂತ ಗಳಿಗೆಗೇ ಹ್ಯಾಂಡಲ್ಲಿನ ಯಾವುದೋ ಸ್ವಿಚ್ಚನ್ನು ಮುಟ್ಟಿ ಎಂಜಿನ್ ಆರಿಸಿಬಿಟ್ಟ.

ಆಮೇಲೆ ಅವನು ತುಳಿದ ರೀತಿಯನ್ನು ನೋಡಲಾಗಲಿಲ್ಲ. ಹಾವನ್ನು ಕೊಲ್ಲುವವರು ಹಾಗೆ ತುಳಿಯುತ್ತಾರೆ. ಕಿಕ್ಕರ್ ಒಮ್ಮೆ ತಿರುಗಿ ಹೊಡೆದಾಗ ಅಣ್ಣ ಒಂಟಿಕಾಲಿನಲ್ಲಿ ಗೇಟಿನ ತನಕ ಕುಣಿದು ಬಂದ. ಅತ್ತೆ ಒಂದು ಬಿಸ್ಕತ್ತು ತೆಗೆದಳು.

ಸುಮ್ಮನಿದ್ದರೆ ಸಾಕಿತ್ತು, ಮೇಡಂ ಅಲ್ಲೇ ಗೆಲ್ಲುತ್ತಿದ್ದಳು. ಆದರೆ ಒಂದು ಎಂಜಿನ್ನನ್ನು ತಪ್ಪಾಗಿ ತುಳಿಯುವುದನ್ನು ನೋಡುತ್ತಾ ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. "ಇರು. ಬಿಸಿ ಎಂಜಿನ್ನಿಗೆ ಚೋಕ್ ಬೇಡ. ಆ ಗುಂಡಿ ಒತ್ತಬೇಡ, ಪೆಟ್ರೋಲ್ ಕಟ್ಟಿಕೊಳ್ಳುತ್ತೆ. ಮೆಲ್ಲಗೆ ತುಳೀತಾ ಬಾ. ಬಿಗಿ ಸಿಕ್ತಾ? ಈಗ ಅಲ್ಲಿಂದ ಒಂದೇ ಸಲ, ಕೆಳಗಿನ ತನಕ. ಹೊಡೀಬೇಡ, ಮೈಭಾರ ಇಳಿಸು."

ಅಣ್ಣ ಹಾಗೆಯೇ ಮಾಡಿದ. ಮಿಡತೆ ಎದ್ದಿತು. ಅವನ ಮುಖದಲ್ಲಿ ಎಂದೂ ಕಾಣದ ಒಂದು ಬೆಳಕು ಬಂದು ಹೋಯಿತು. ಮೇಡಂಗೆ ತಡವಾಗಿ ಹೊಳೆಯಿತು. ಇನ್ನು ಇದು ಹಳದಿ ಬಲ್ಬು ಹಚ್ಚಿಕೊಂಡು ಗಲ್ಲಾದ ಹಿಂದೆ ನೇತಾಡುತ್ತದೆ, ಅದನ್ನು ತಾನೇ ಸ್ಟಾರ್ಟ್ ಮಾಡಿಸಿ ಕಳಿಸುತ್ತಿದ್ದೇನೆ.

ಆಗ ಅಣ್ಣನ ಕಣ್ಣು ಟ್ಯಾಂಕಿನ ಮೇಲೆ ಬಿತ್ತು. ತನ್ನ ಬಿಳಿ ಪ್ಯಾಂಟನ್ನು ನೋಡಿದ, ತಂಗಿಯ ಒದ್ದೆ ಪ್ಯಾಂಟನ್ನು ನೋಡಿದ. "ನೋಡು, ಮುಚ್ಚಳಾನೇ ಸಡಿಲ ಬಿಟ್ಟಿದೀಯ. ಇಷ್ಟು ವರ್ಷ ಕಾಲೇಜಲ್ಲಿ ಏನು ಕಲಿಸ್ತೀಯೋ" ಎಂದು ಅದನ್ನು ಕೈಲಾದಷ್ಟು ಬಿಗಿದ.

"ಅಣ್ಣ, ಆ ಮುಚ್ಚಳ..."

"ಸಾಕು, ಪಾಠ ಸಾಕು."

ಮೇಡಂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅಣ್ಣ ಇಳಿಜಾರಿನಲ್ಲಿ ಪಟಪಟನೆ ಇಳಿದುಹೋದ, ಬಿಳಿ ಪ್ಯಾಂಟು ಗಾಳಿಗೆ ಉಬ್ಬಿಕೊಂಡು.

ಅತ್ತೆ ತಮ್ಮನ ಮಗಳ ಮುಖವನ್ನು ಓರೆಗಣ್ಣಿನಿಂದ ನೋಡಿದಳು. ತುಂಬ ಹೊಟ್ಟೆಗಳನ್ನು ನೋಡಿದ ಕಣ್ಣು ಅದು. "ಏನೋ ಇಟ್ಕೊಂಡಿದೀಯ ಒಳಗೆ. ಹೇಳ್ಬಿಡು, ಹೆರಿಗೆ ಸಲೀಸಾಗುತ್ತೆ."

ಮೇಡಂ ಎಲ್ಲ ಹೇಳಿದಳು, ಬಾಟಲಿಯ ಗುಳುಗುಳು ಸಮೇತ. ಅತ್ತೆಗೆ ಭೌತಶಾಸ್ತ್ರ ಎಷ್ಟು ತಿಳಿಯಿತೋ, ಮುಖ್ಯಾಂಶ ಮಾತ್ರ ತಿಳಿಯಿತು.

"ಅವನು ಕೇಳಿದ್ನಾ?"

"ಇಲ್ಲ."

"ನೀನು ಹೇಳೋಕೆ ಹೋದೆಯಾ?"

"ಹೋದೆ. ಸಾಕು ಅಂದ."

"ಮತ್ತೆ ಇನ್ನೇನು, ಅವನ ಬಾಯಿಗೆ ತುರುಕೋಕಾಗುತ್ತಾ? ತಗೋ, ಬಿಸ್ಕತ್ತು ತಿನ್ನು."

ಬಿಸ್ಕತ್ತು ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು. ಅಣ್ಣ ಮೀನು ಮಾರ್ಕೆಟ್ಟಿನ ಮುಂದಿದ್ದ. ಹಿನ್ನೆಲೆಯಲ್ಲಿ ಯಾರೋ ಪ್ಲಗ್ ಎನ್ನುತ್ತಿದ್ದರು, ಯಾರೋ ಕಾಯಿಲ್ ಎನ್ನುತ್ತಿದ್ದರು.

ಮೇಡಂ ನಡೆದುಕೊಂಡೇ ಹೋದಳು. ಅವಸರವೇನಿರಲಿಲ್ಲ. ಮಿಡತೆ ಮಾರ್ಕೆಟ್ಟಿನ ಪಕ್ಕದ ಗೋಡೆಗೆ ಒರಗಿ ನಿಂತಿತ್ತು, ಅದರ ಸುತ್ತ ಪಂಡಿತರ ಸಭೆ. ಅಣ್ಣನ ಪ್ಯಾಂಟು ಮೊಣಕಾಲಿನ ತನಕ ಮೀನು ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು.

"ತಳ್ಳಿದೆಯಾ?" ಎಂದು ಕೇಳಿದಳು.

"ಇಲ್ಲ" ಎಂದ ಅಣ್ಣ, ಆಕಾಶ ನೋಡುತ್ತಾ.

"ಏನು ಇಲ್ಲ ಅಂತೀರಿ ಸ್ವಾಮಿ?" ಎಂದಳು ಬುಟ್ಟಿಯ ಹಿಂದೆ ಕೂತಿದ್ದ ಮೀನಿನವಳು. "ನನ್ನ ಬುಟ್ಟಿ ಮುಂದೆ ಅಡ್ಡ ನಿಲ್ಸಿದ್ರಿ. ಹಿಂದಿಂದ ಕೈ ಹಾಕಿ ಅಲ್ಲಿಗೆ ತಳ್ಳಿಸಿದ್ದೇ ನಾನು."

ಪಂಡಿತರು ಅಣ್ಣನನ್ನು ನೋಡಿದರು. ಅಣ್ಣ ಮೀನುಗಳನ್ನು ನೋಡಿದ. ಮೀನುಗಳು ಯಾರ ಪರವೂ ಮಾತಾಡಲಿಲ್ಲ.

ಮೇಡಂ ಮುಚ್ಚಳ ತಿರುಗಿಸಿದಳು. ಹುಸ್ಸೆಂದಿತು. ತುಳಿದಳು. ಮಿಡತೆ ಎದ್ದಿತು. ಅಣ್ಣ ಆ ಮುಚ್ಚಳವನ್ನು, ತನ್ನ ಕೈಯನ್ನು, ಮತ್ತೆ ಮುಚ್ಚಳವನ್ನು ನೋಡಿದ. ಇವನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೀನಿನವಳು ಕೂಡ ಕಿವಿ ನಿಮಿರಿಸಿದಳು.

"ಹೇಳೋಕೆ ಬಂದೆನಲ್ಲ" ಎಂದಳು ಮೇಡಂ. "ಪಾಠ ಸಾಕು ಅಂದೆ. ಕೂತ್ಕೋ ಹಿಂದೆ."

ಅಣ್ಣ ಕೂತ. ಸಮತಟ್ಟು ಮುಗಿದು ಅತ್ತೆಯ ಮನೆ ಕಡೆಯ ಏರು ಶುರುವಾದಾಗ ತೊಂಬತ್ತೆಂಟು ಸಿಸಿಗೆ ಇಬ್ಬರ ಭಾರ ಹೆಚ್ಚಾಯಿತು. ಮೊದಲ ಗೇರಿನಲ್ಲೂ ಮಿಡತೆ ಏದುಸಿರು ಬಿಡತೊಡಗಿತು. ಏನೂ ಹೇಳದೆ ಅಣ್ಣನೇ ಇಳಿದು, ಪಕ್ಕದಲ್ಲಿ ಉದ್ದ ಹೆಜ್ಜೆ ಹಾಕಿದ. ಪೆಟ್ರೋಲಿನ ವಾಸನೆ, ಮೀನಿನ ವಾಸನೆ ಜೊತೆಜೊತೆಯಾಗಿ ಏರು ಹತ್ತಿದವು.

"ಒಂದು ಕೇಳ್ಲಾ?" ಎಂದ ಸ್ವಲ್ಪ ದೂರ ಹೋದ ಮೇಲೆ, ಏದುತ್ತಾ. "ತಿಂಗಳಿಗೊಂದು ಭಾನುವಾರ ನನಗೆ ಕೊಡ್ತೀಯಾ?"

"ಗೋಡೆಗಾ?"

"ಓಡಿಸೋಕೆ ಕಣೇ. ಆ ಇಳಿಜಾರಲ್ಲಿ ಇಳೀವಾಗ..." ಕೈಯನ್ನು ಗಾಳಿಯಲ್ಲಿ ಹಾಯಿಸಿ ತೋರಿಸಿದ.

"ಯೋಚನೆ ಮಾಡ್ತೀನಿ" ಎಂದಳು ಮೇಡಂ. ಭಾರ ಇಳಿದದ್ದರಿಂದ ಮಿಡತೆಗೆ ಜೀವ ಬಂದಿತ್ತು. ಎರಡನೇ ಗೇರು ಹಾಕಿದಳು. ಅಣ್ಣ ಪಕ್ಕದಿಂದ ಹಿಂದಾದ, ಹಿಂದಿನಿಂದ ದೂರಾದ.

"ನಿಲ್ಲಿಸೇ, ಹತ್ಕೋತೀನಿ" ಎಂದು ಕೂಗಿದ್ದು ಕೇಳಿಸಿತು. ನಡು ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಎಳೆಯುವುದು ಅನುಮಾನ. ಅಲ್ಲದೆ ನಡೆದರೆ ಅವನ ಪ್ಯಾಂಟೂ ಒಣಗುತ್ತದೆ. ಮೇಡಂ ತೊಡೆಯ ಮೇಲೆ ತುಳುಕಿದ ಪೆಟ್ರೋಲನ್ನು ಒರೆಸಿಕೊಳ್ಳುತ್ತಾ ಮೂರನೇ ಗೇರು ಹಾಕಿದಳು.